ಬರೆದವರಿಗಿಂತ ಹೆಚ್ಚು ನಂಬಿದವರು



1956ರ ನವೆಂಬರ್ 1ಕ್ಕೆ ಮೊದಲು ಗದ್ವಾಲ, ಆಲಂಪುರ ಎರಡೂ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆ ಆದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲ್ಲೂಕು ಮೆಹಬೂಬನಗರಕ್ಕೆ ಸೇರಿದವು. ಅದಕ್ಕೂ ಹಿಂದೆ, ನಿಜಾಮರ ಕಾಲದಲ್ಲಿ, ತುಂಗಭದ್ರೆ ಬರೀ ಹೊಳೆಯಾಗಿರಲಿಲ್ಲ. ಈಚೆ ದಡದಲ್ಲಿ ಒಂದು ಕಾನೂನು, ಆಚೆಯ ಕರ್ನೂಲು, ಬಳ್ಳಾರಿ ಕಡೆಗೆ ಇನ್ನೊಂದು ಕಾನೂನು. ಈಚೆ ಆಡಿದರೆ ಜೈಲಿಗೆ ಹೋಗಬೇಕಾದ ಮಾತನ್ನು ಆಚೆ ಆಡಬಹುದಾಗಿದ್ದ ಕಾಲವಿತ್ತು. ಈಚೆ ಆಡಬಹುದಾದದ್ದು ಆಚೆ ಅಪರಾಧವಾಗಿದ್ದ ಕಾಲವೂ ಇತ್ತು. ಮಾತಿಗೆ ಗಡಿ ಇರುತ್ತದೆ, ಆ ಗಡಿಯನ್ನು ದಾಟಿ ಬರೆಯಬೇಕಾಗುತ್ತದೆ ಎಂಬುದನ್ನು ಈ ಸೀಮೆಯ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿಯೇ ಅಮೆರಿಕದ ಆರಂಭಕಾಲದ ರಾಜಕೀಯ ಬರವಣಿಗೆಯ ವಿಷಯವನ್ನು ಈ ಶಾಂತಿನಗರಕ್ಕೆಂದು ಆರಿಸಿಕೊಂಡೆ.

ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ಸಂಗತಿ. ಹದಿನೆಂಟನೆಯ ಶತಮಾನದ ಆ ಬರಹಗಾರರು ಮನುಷ್ಯರೆಲ್ಲ ಸಮಾನರು ಎಂದು ಬರೆದರು. ಬರೆದವರಲ್ಲಿ ಹಲವರು ಅದನ್ನು ಅರ್ಧದಷ್ಟು ಮಾತ್ರ ನಂಬಿದ್ದರು. ಯಾರನ್ನು ಮನಸ್ಸಿನಲ್ಲಿಟ್ಟು ಆ ಮಾತು ಬರೆದಿರಲಿಲ್ಲವೋ ಅವರು ಅದನ್ನು ಓದಿದರು, ಪೂರ್ತಿ ನಂಬಿದರು, ನಂಬಿ ಬರೆದವರನ್ನೇ ಪ್ರಶ್ನಿಸಿದರು. ಆ ಸಾಹಿತ್ಯ ಇವತ್ತಿಗೂ ಬದುಕಿರುವುದು ಅಂಥ ಓದುಗರಿಂದ.

ಮೊದಲು ಆ ಬರವಣಿಗೆ ಹೇಗಿತ್ತು ಎಂಬುದನ್ನು ಹತ್ತಿರದಿಂದ ನೋಡೋಣ.

ಥಾಮಸ್ ಪೇನ್ 1737ರಲ್ಲಿ ಇಂಗ್ಲೆಂಡಿನ ಥೆಟ್‌ಫರ್ಡ್ ಎಂಬ ಸಣ್ಣ ಊರಲ್ಲಿ ಹುಟ್ಟಿದ. ಹೆಂಗಸರ ಒಳಕವಚ ಹೊಲಿಯುವ ಕಸುಬು ಕಲಿತ, ಆಮೇಲೆ ಅಬಕಾರಿ ಸುಂಕದ ಕೆಲಸಕ್ಕೆ ಸೇರಿದ, ಆ ನೌಕರಿಯನ್ನೂ ಕಳೆದುಕೊಂಡ. ಮೂವತ್ತೇಳನೆಯ ವಯಸ್ಸಿನಲ್ಲಿ, 1774ರ ಕೊನೆಗೆ, ಬೆಂಜಮಿನ್ ಫ್ರಾಂಕ್ಲಿನ್ ಕೊಟ್ಟ ಒಂದು ಪರಿಚಯ ಪತ್ರ ಹಿಡಿದು ಫಿಲಡೆಲ್ಫಿಯಾದಲ್ಲಿ ಇಳಿದ. ಹದಿನಾಲ್ಕು ತಿಂಗಳೂ ತುಂಬಿರಲಿಲ್ಲ. 1776ರ ಜನವರಿ 10ರಂದು ಅವನ ‘ಕಾಮನ್ ಸೆನ್ಸ್’ ಎಂಬ ಪುಸ್ತಿಕೆ ರಾಬರ್ಟ್ ಬೆಲ್‌ನ ಮುದ್ರಣಾಲಯದಿಂದ ಹೊರಬಂತು. ಬೆಲೆ ಎರಡು ಶಿಲಿಂಗ್. ಪುಸ್ತಿಕೆಯ ಮೇಲೆ ಬರೆದವನ ಹೆಸರಿರಲಿಲ್ಲ. ಬೆಲ್ ಜೊತೆ ಜಗಳವಾದ ಮೇಲೆ ಪೇನ್ ಬೇರೆ ಮುದ್ರಕರ ಹತ್ತಿರ ಹೋಗಿ, ಇನ್ನಷ್ಟು ಬರೆದು ಸೇರಿಸಿ, ಒಂದು ಶಿಲಿಂಗಿಗೇ ಸಿಗುವಂತೆ ಮಾಡಿದ. ಮೂರು ತಿಂಗಳಲ್ಲಿ 1,20,000 ಪ್ರತಿ ಹೋದವು ಎಂದು ಅವನೇ ಹೇಳಿಕೊಂಡ. ಇಂದಿನ ಇತಿಹಾಸಕಾರರು ಆ ಲೆಕ್ಕವನ್ನು ಇಡಿಯಾಗಿ ಒಪ್ಪುವುದಿಲ್ಲ. ಆದರೆ ಸುಮಾರು ಇಪ್ಪತ್ತೈದು ಲಕ್ಷ ಜನರಿದ್ದ ಆ ಹದಿಮೂರು ವಸಾಹತುಗಳಲ್ಲಿ ಊರೂರಿನ ಮುದ್ರಕರು ಅದನ್ನು ಮತ್ತೆ ಮತ್ತೆ ಅಚ್ಚು ಹಾಕಿದ್ದು ನಿಜ, ಹೋಟೆಲುಗಳಲ್ಲಿ ಒಬ್ಬ ಗಟ್ಟಿಯಾಗಿ ಓದಿ ಹತ್ತು ಜನ ಕೇಳಿದ್ದೂ ನಿಜ.

ಅದರ ಬಲ ಎಲ್ಲಿತ್ತು? ಅವನಿಗಿಂತ ಮೊದಲು ವಸಾಹತುಗಳ ಪರವಾಗಿ ಬರೆದವರು ಹೆಚ್ಚಾಗಿ ವಕೀಲರು. ಬ್ರಿಟಿಷ್ ಸಂವಿಧಾನದ ಸೂಕ್ಷ್ಮಗಳು, ರೋಮನ್ ಇತಿಹಾಸ, ನಡುನಡುವೆ ಲ್ಯಾಟಿನ್ ಉದ್ಧರಣೆ, ಇವೆಲ್ಲ ಅವರ ಬರವಣಿಗೆಯಲ್ಲಿ ತುಂಬಿದ್ದವು. ತಪ್ಪು ಮಂತ್ರಿಗಳದು, ದೊರೆ ಒಳ್ಳೆಯವನೇ ಎಂಬ ಧಾಟಿಯಲ್ಲಿ ಅವರು ಬರೆಯುತ್ತಿದ್ದರು. ಪೇನ್ ಇದನ್ನೆಲ್ಲ ಪಕ್ಕಕ್ಕೆ ಸರಿಸಿ ಬುಡದಿಂದ ಶುರು ಮಾಡಿದ. ಸಮಾಜ ಬೇರೆ, ಸರ್ಕಾರ ಬೇರೆ. ಜನ ಒಟ್ಟಿಗೆ ಬದುಕುವುದು ಅವರ ಅಗತ್ಯದಿಂದ, ಸರ್ಕಾರ ಬೇಕಾಗುವುದು ಅವರ ದೋಷಗಳಿಂದ. ಹಾಗಿದ್ದ ಮೇಲೆ ಒಬ್ಬನ ಮಗ ಹುಟ್ಟಿದ ಮಾತ್ರಕ್ಕೆ ಎಲ್ಲರ ಒಡೆಯನಾಗುವುದು ಯಾವ ನ್ಯಾಯ? ಒಂದು ದ್ವೀಪ ಒಂದು ಖಂಡವನ್ನು ಎಷ್ಟು ದಿನ ಆಳೀತು? ಇವು ರೈತನೂ ಬಡಗಿಯೂ ತಮ್ಮ ಮನೆ ಕಟ್ಟೆಯ ಮೇಲೆ ಕೂತು ಯೋಚಿಸಬಹುದಾದ ಪ್ರಶ್ನೆಗಳು. ಆಧಾರಕ್ಕೆ ಅವನು ತೆಗೆದುಕೊಂಡದ್ದು ಆ ಜನರ ಮನೆಮನೆಯಲ್ಲಿದ್ದ ಬೈಬಲ್ಲನ್ನು. ಇಸ್ರೇಲಿನವರು ದೊರೆ ಬೇಕೆಂದು ಹಟ ಹಿಡಿದದ್ದನ್ನು ದೇವರೇ ಮೆಚ್ಚಲಿಲ್ಲ ಎಂಬ ಕಥೆಯನ್ನು ಪುಟಗಟ್ಟಲೆ ವಿವರಿಸಿದ. ಮುಂದೆ 1794ರಲ್ಲಿ ‘ದಿ ಏಜ್ ಆಫ್ ರೀಸನ್’ ಬರೆದು ಚರ್ಚುಗಳೆಲ್ಲವನ್ನೂ ಎದುರು ಹಾಕಿಕೊಂಡ ಮನುಷ್ಯ ಇವನೇ. ಓದುಗ ಎಲ್ಲಿ ನಿಂತಿದ್ದಾನೋ ಅಲ್ಲಿಗೆ ಹೋಗಿ ಅವನ ಕೈ ಹಿಡಿಯಬೇಕು ಎಂಬುದು ಪೇನ್‌ನ ಬರವಣಿಗೆಯ ನೀತಿಯಾಗಿತ್ತು.

ಇದನ್ನು ಕೇಳಿದಾಗ ನಮ್ಮವರು ಕೂಡಲೇ ವಚನಕಾರರನ್ನು ನೆನೆಯುತ್ತಾರೆ. ಸಂಸ್ಕೃತವನ್ನು ಬಿಟ್ಟು ಆಡುಮಾತಿನಲ್ಲಿ, ಕಸುಬಿನವರ ನುಡಿಯಲ್ಲಿ ಬರೆದದ್ದರಲ್ಲಿ ಹೋಲಿಕೆ ನಿಜವೇ. ಆದರೆ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ವಚನ ಇಷ್ಟದೈವಕ್ಕೆ, ಜೊತೆಗಿರುವ ಶರಣರಿಗೆ ಹೇಳಿದ ಮಾತು. ಅಚ್ಚಿನ ಪುಸ್ತಿಕೆ ಎಂದೂ ಕಾಣದ ಅಪರಿಚಿತನಿಗೆ ಬರೆದದ್ದು. ನೀನು ಯಾರೋ ನನಗೆ ಗೊತ್ತಿಲ್ಲ, ಆದರೆ ನಿನಗೂ ವಿವೇಚನೆ ಇದೆ ಎಂಬುದು ನನಗೆ ಗೊತ್ತು, ಆದ್ದರಿಂದ ನಿನ್ನ ಮುಂದೆ ವಾದ ಇಡುತ್ತೇನೆ: ಜ್ಞಾನೋದಯ ಯುಗದ ಬರವಣಿಗೆಯ ಒಳಗಿರುವ ನಂಬಿಕೆ ಇದು. ಲಾಕ್, ಮಾಂಟೆಸ್ಕ್ಯೂ ಮುಂತಾದವರ ತತ್ವಗಳನ್ನು ಪಟ್ಟಿ ಮಾಡುವುದಕ್ಕಿಂತ ಈ ನಂಬಿಕೆಯನ್ನು ಹಿಡಿದುಕೊಂಡರೆ ಆ ಕಾಲದ ಸಾಹಿತ್ಯ ಬೇಗ ಒಲಿಯುತ್ತದೆ.

ಆ ನಂಬಿಕೆಗೆ ಒಂದು ಯಂತ್ರ ಬೇಕಿತ್ತು, ಅದನ್ನು ನಡೆಸುವ ಧೈರ್ಯವೂ ಬೇಕಿತ್ತು. ಫ್ರಾಂಕ್ಲಿನ್ ಬಾಸ್ಟನ್ನಿನಲ್ಲಿ ಅಣ್ಣ ಜೇಮ್ಸ್‌ನ ಮುದ್ರಣಾಲಯದಲ್ಲಿ ಕೆಲಸ ಕಲಿತ ಹುಡುಗ. 1722ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಒಬ್ಬ ವಿಧವೆಯ ಹೆಸರಿಟ್ಟುಕೊಂಡು ಹದಿನಾಲ್ಕು ಪತ್ರ ಬರೆದ. ಅವನ್ನು ರಾತ್ರಿ ಅಂಗಡಿ ಬಾಗಿಲ ಸಂದಿಯಲ್ಲಿ ತೂರಿಸುತ್ತಿದ್ದ. ತಮ್ಮನದು ಎಂದು ತಿಳಿಯದೆ ಅಣ್ಣ ಅವನ್ನು ತನ್ನ ‘ನ್ಯೂ ಇಂಗ್ಲೆಂಡ್ ಕೊರಾಂಟ್’ ಪತ್ರಿಕೆಯಲ್ಲಿ ಅಚ್ಚು ಹಾಕಿದ. ಅಧಿಕಾರಿಗಳನ್ನು ಟೀಕಿಸಿದ್ದಕ್ಕೆ ಜೇಮ್ಸ್‌ಗೆ ಸೆರೆವಾಸವಾಯಿತು, ಮುಂದೆ ಅವನು ಪತ್ರಿಕೆ ಮುದ್ರಿಸಕೂಡದು ಎಂಬ ಆಜ್ಞೆಯೂ ಬಂತು. ಆಗ ಪತ್ರಿಕೆ ತಮ್ಮ ಬೆಂಜಮಿನ್ ಹೆಸರಿನಲ್ಲಿ ಹೊರಬಂತು. 1735ರಲ್ಲಿ ನ್ಯೂಯಾರ್ಕಿನ ಮುದ್ರಕ ಜಾನ್ ಪೀಟರ್ ಝೆಂಗರ್‌ನ ಮೇಲೆ ಗವರ್ನರನ ಮಾನಹಾನಿಯ ಮೊಕದ್ದಮೆ ನಡೆಯಿತು. ಬರೆದದ್ದು ನಿಜವಾದರೆ ಅದು ಅಪರಾಧವಲ್ಲ ಎಂದು ವಕೀಲ ಆಂಡ್ರೂ ಹ್ಯಾಮಿಲ್ಟನ್ ವಾದಿಸಿದ. ಆಗಿನ ಕಾನೂನು ಅವನ ಪರವಾಗಿರಲಿಲ್ಲ. ಆದರೂ ಊರಿನ ಹನ್ನೆರಡು ಜನ ಪಂಚರು ಝೆಂಗರ್ ನಿರ್ದೋಷಿ ಎಂದರು.

ನಮ್ಮ ಮೈಸೂರಿನಲ್ಲಿ ಇದೇ ಪ್ರಶ್ನೆ 1908ರಲ್ಲಿ ಎದ್ದಿತು. ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ ಪತ್ರಿಕೆಗಳಿಗೆ ಮೂಗುದಾರ ಹಾಕುವ ಕಾನೂನು ಬಂತು. ‘ವೃತ್ತಾಂತ ಚಿಂತಾಮಣಿ’ಯನ್ನು 1885ರಿಂದ ನಡೆಸಿಕೊಂಡು ಬಂದಿದ್ದ ಎಂ. ವೆಂಕಟಕೃಷ್ಣಯ್ಯನವರು, ಜನ ತಾತಯ್ಯ ಎಂದು ಕರೆಯುತ್ತಿದ್ದ ಆ ಹಿರಿಯರು, ಆ ಕಾನೂನನ್ನು ಬಲವಾಗಿ ವಿರೋಧಿಸಿದರು. ಅಲ್ಲಿ ತೀರ್ಪು ಕೊಡಲು ಹನ್ನೆರಡು ಜನ ಇರಲಿಲ್ಲ.

ಹೈದರಾಬಾದ್ ಸಂಸ್ಥಾನದ ಸ್ಥಿತಿ ಇನ್ನೂ ಬಿಗಿ. ಸಭೆ ಸೇರಬೇಕಾದರೆ ಅನುಮತಿ, ಪತ್ರಿಕೆ ತೆಗೆಯಬೇಕಾದರೆ ಅನುಮತಿ, ಖಾಸಗಿ ಶಾಲೆ ತೆರೆಯಬೇಕಾದರೂ ಅನುಮತಿ. ಒಂದು ವಿವರ ಕೇಳಿ: ಹೈದರಾಬಾದ್ ರಾಜಕೀಯ ಸಮ್ಮೇಳನಗಳು 1923ರಲ್ಲಿ ಕಾಕಿನಾಡದಲ್ಲಿ, 1926ರಲ್ಲಿ ಮುಂಬಯಿಯಲ್ಲಿ, 1928ರಲ್ಲಿ ಪುಣೆಯಲ್ಲಿ, 1931ರಲ್ಲಿ ಅಕೋಲಾದಲ್ಲಿ ನಡೆದವು. ಒಂದು ನಾಡಿನ ರಾಜಕೀಯ ಸಭೆ ನಾಲ್ಕೂ ಸಲ ಆ ನಾಡಿನ ಹೊರಗೇ ಆಯಿತು. ಮಂಗಳೂರಿನಿಂದ ಬಂದು 1920ರಲ್ಲಿ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಕಥೆಯೂ ಇಂಥದ್ದೇ. ಹಿಂದೂ ಮುಸ್ಲಿಂ ಮಕ್ಕಳು ಒಟ್ಟಿಗೆ ಕೂತು ಕಲಿಯುವ ಶಾಲೆ ಅದು. ‘ಧರ್ಮಸಂಭವ’ದಂಥ ಪುಸ್ತಕ ಬರೆದ ಸ್ವತಂತ್ರ ಬುದ್ಧಿಯ ಮನುಷ್ಯ ಸರ್ಕಾರದ ಅವಕೃಪೆಗೆ ಒಳಗಾಗಿ ರಾಯಚೂರು ಬಿಡಬೇಕಾಯಿತು. ಅವರು ದೂರ ಹೋಗಲಿಲ್ಲ. ತುಂಗಭದ್ರೆ ದಾಟಿ, ಆಗಿನ ಬ್ರಿಟಿಷ್ ಸೀಮೆಯಲ್ಲಿ, ಇಂದಿನ ಮಂತ್ರಾಲಯಂ ರೋಡ್ ಸ್ಟೇಷನ್ನಿನ ಬಳಿ ಪ್ರೇಮಾಯತನ ಎಂಬ ಆಶ್ರಮ ಕಟ್ಟಿಕೊಂಡರು, ‘ಪ್ರೇಮ’ ಪತ್ರಿಕೆ ನಡೆಸಿದರು. ಸರೋದ್ ವಾದಕ ರಾಜೀವ ತಾರಾನಾಥರು ಅವರ ಮಗ. ಬಾಸ್ಟನ್ ಬಿಟ್ಟು ಫಿಲಡೆಲ್ಫಿಯಾಕ್ಕೆ ಓಡಿದ ಫ್ರಾಂಕ್ಲಿನ್, ಇಂಗ್ಲೆಂಡಿನಲ್ಲಿ ‘ರೈಟ್ಸ್ ಆಫ್ ಮ್ಯಾನ್’ ಬರೆದು ಫ್ರಾನ್ಸಿಗೆ ದಾಟಿದ ಪೇನ್, ಹೊಳೆ ದಾಟಿದ ತಾರಾನಾಥರು: ಬರವಣಿಗೆಗೆ ಬೆಲೆ ಇದ್ದ ಕಾಲದಲ್ಲಿ ಬರೆದವರ ಕಾಲಿಗೆ ನೆಲ ಹೀಗೆ ತಪ್ಪುತ್ತಿತ್ತು.

ಇನ್ನು ಅಮೆರಿಕಕ್ಕೆ, 1787ಕ್ಕೆ ಮರಳುತ್ತೇನೆ. ಹೊಸ ದೇಶಕ್ಕೆ ಸಂವಿಧಾನ ಬರೆದಾಯಿತು, ರಾಜ್ಯಗಳು ಒಪ್ಪಬೇಕು. ಅಲೆಕ್ಸಾಂಡರ್ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಈ ಮೂವರು ‘ಪಬ್ಲಿಯಸ್’ ಎಂಬ ಒಂದೇ ಹೆಸರಿನಲ್ಲಿ ನ್ಯೂಯಾರ್ಕಿನ ಪತ್ರಿಕೆಗಳಿಗೆ 85 ಲೇಖನ ಬರೆದರು. ‘ಫೆಡರಲಿಸ್ಟ್’ ಲೇಖನಗಳು ಎಂದು ಅವು ಪ್ರಸಿದ್ಧ, ಕಾಲೇಜುಗಳಲ್ಲಿ ಪಾಠವೂ ಇರುತ್ತದೆ. ಆದರೆ ಅವರಿಗೆ ಎದುರು ನಿಂತು ‘ಬ್ರೂಟಸ್’ ಮುಂತಾದ ಹೆಸರುಗಳಲ್ಲಿ ಬರೆದವರನ್ನು ನಾವು ಮರೆತಿದ್ದೇವೆ. ಇಷ್ಟೆಲ್ಲ ಬರೆದಿದ್ದೀರಿ, ಜನರ ಹಕ್ಕು ಎಲ್ಲಿ ಬರೆದಿದ್ದೀರಿ ಎಂದು ಪಟ್ಟು ಹಿಡಿದವರು ಅವರು. 1791ರಲ್ಲಿ ಸಂವಿಧಾನಕ್ಕೆ ಹಕ್ಕುಗಳ ಹತ್ತು ತಿದ್ದುಪಡಿಗಳು ಸೇರಿದ್ದು ಆ ಪಟ್ಟಿನಿಂದ. ಸಂವಿಧಾನವನ್ನು ಒಪ್ಪುವ ಚರ್ಚೆಯಲ್ಲಿ ಸೋತವರೇ ವಾಕ್ ಸ್ವಾತಂತ್ರ್ಯದ, ಅರ್ಜಿ ಹಾಕುವ ಹಕ್ಕಿನ ಆ ಮಾತುಗಳನ್ನು ಬರೆಸಿಕೊಂಡು ಹೋದರು.

ಈಗ ಆ ಸಾಹಿತ್ಯದ ದೊಡ್ಡ ಬಿರುಕಿನ ಬಗ್ಗೆ. ಮೃದುವಾಗಿ ಹೇಳುವ ಮನಸ್ಸು ನನಗಿಲ್ಲ. 1776ರಲ್ಲಿ ಆ ವಸಾಹತುಗಳ ಐವರಲ್ಲಿ ಒಬ್ಬರು ಗುಲಾಮರು. ಸ್ವಾತಂತ್ರ್ಯ ಘೋಷಣೆಯನ್ನು ಬರೆದ ಥಾಮಸ್ ಜೆಫರ್ಸನ್ ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಮನುಷ್ಯರ ಒಡೆಯನಾಗಿದ್ದ. ಗುಲಾಮರ ವ್ಯಾಪಾರವನ್ನು ಖಂಡಿಸುವ ಒಂದು ಭಾಗ ಅವನ ಕರಡಿನಲ್ಲಿತ್ತು. ದಕ್ಷಿಣ ಕೆರೊಲಿನಾ, ಜಾರ್ಜಿಯಾಗಳ ಮುಖ ನೋಡಿ ವಸಾಹತುಗಳ ಪ್ರತಿನಿಧಿಗಳ ಸಭೆ ಅದನ್ನು ಕಿತ್ತುಹಾಕಿತು. ಉಳಿದದ್ದು ಸಮಾನತೆಯ ಆ ಪ್ರಸಿದ್ಧ ವಾಕ್ಯ.

ಬೆಂಜಮಿನ್ ಬನೇಕರ್ ಆ ವಾಕ್ಯವನ್ನು ಹಿಡಿದುಕೊಂಡ. ಮೇರಿಲ್ಯಾಂಡಿನಲ್ಲಿ ಸ್ವಂತ ಹೊಲ ಮಾಡಿಕೊಂಡಿದ್ದ ಕಪ್ಪು ರೈತ ಅವನು, ಸ್ವತಂತ್ರನಾಗಿ ಹುಟ್ಟಿದವನು. ನೆರೆಯವರಿಂದ ಎರವಲು ತಂದ ಪುಸ್ತಕ, ಉಪಕರಣಗಳಿಂದ ಖಗೋಳ ಗಣಿತ ಕಲಿತು, ಗ್ರಹಣಗಳನ್ನು ಲೆಕ್ಕ ಹಾಕಿ ಪಂಚಾಂಗ ಸಿದ್ಧಪಡಿಸುತ್ತಿದ್ದ. 1791ರ ಆಗಸ್ಟ್ 19ರಂದು, ಪಂಚಾಂಗದ ಹಸ್ತಪ್ರತಿಯ ಜೊತೆಗೆ, ಆಗ ವಿದೇಶಾಂಗ ಮಂತ್ರಿಯಾಗಿದ್ದ ಜೆಫರ್ಸನ್‌ಗೆ ಒಂದು ಉದ್ದದ ಪತ್ರ ಬರೆದ. ತಗ್ಗಿದ ದನಿಯಲ್ಲಿ ಶುರುವಾಗುವ ಪತ್ರ ಮೆಲ್ಲನೆ ನೆಟ್ಟಗೆ ನಿಲ್ಲುತ್ತದೆ. ಬ್ರಿಟಿಷ್ ದೊರೆಯ ಕೈಕೆಳಗೆ ನೀವು ದಾಸ್ಯಕ್ಕೆ ಹೆದರಿದ ದಿನಗಳನ್ನು ನೆನೆಯಿರಿ ಎನ್ನುತ್ತಾನೆ. ಆಗ ನೀವೇ ಬರೆದ ಮಾತು ಇದಲ್ಲವೇ ಎಂದು ಘೋಷಣೆಯ ಸಾಲನ್ನು ಎತ್ತಿ ಜೆಫರ್ಸನ್‌ನ ಕೈಗೇ ಕೊಡುತ್ತಾನೆ. ಹಾಗೆ ಬರೆದವರು ನನ್ನ ಸೋದರರನ್ನು ಬಲವಂತದಿಂದ ಹಿಡಿದಿಟ್ಟುಕೊಂಡಿದ್ದೀರಲ್ಲ ಎಂದು ಕೇಳುತ್ತಾನೆ. ಜೆಫರ್ಸನ್ ಹನ್ನೊಂದೇ ದಿನದಲ್ಲಿ ಸೌಜನ್ಯದ ಉತ್ತರ ಬರೆದ, ಪಂಚಾಂಗವನ್ನು ಪ್ಯಾರಿಸ್ಸಿನ ವಿದ್ವಾಂಸರಿಗೆ ಕಳಿಸುವುದಾಗಿ ಹೇಳಿದ. ಗುಲಾಮರನ್ನು ಬಿಡುವ ಮಾತಿಗೆ ಉತ್ತರ ಬರಲಿಲ್ಲ. ಮರುವರ್ಷ ಆ ಎರಡೂ ಪತ್ರಗಳು ಫಿಲಡೆಲ್ಫಿಯಾದಲ್ಲಿ ಪುಸ್ತಿಕೆಯಾಗಿ ಅಚ್ಚಾದವು. ಅಮೆರಿಕದ ಆರಂಭಕಾಲದ ಗದ್ಯದಲ್ಲಿ ಒಂದೇ ಒಂದು ಬರಹವನ್ನು ಕನ್ನಡದ ಪಠ್ಯಪುಸ್ತಕಕ್ಕೆ ಸೇರಿಸಿ ಎಂದು ಯಾರಾದರೂ ನನ್ನನ್ನು ಕೇಳಿದರೆ, ಘೋಷಣೆಯನ್ನು ಬಿಟ್ಟು ಬನೇಕರ್‌ನ ಪತ್ರವನ್ನು ಕೊಡುತ್ತೇನೆ.

ಫಿಲಿಸ್ ವೀಟ್ಲಿಯ ಕಥೆ ಇನ್ನೂ ಕಟು. 1761ರಲ್ಲಿ ಪಶ್ಚಿಮ ಆಫ್ರಿಕಾದಿಂದ ಹಡಗಿನಲ್ಲಿ ತಂದು ಬಾಸ್ಟನ್ನಿನಲ್ಲಿ ಮಾರಿದ ಏಳೆಂಟು ವರ್ಷದ ಹುಡುಗಿ. ಕೆಲವೇ ವರ್ಷಗಳಲ್ಲಿ ಇಂಗ್ಲಿಷ್, ಲ್ಯಾಟಿನ್ ಕಲಿತು ಕವಿಯಾದಳು. ಅವಳ ಕವನ ಸಂಕಲನ 1773ರಲ್ಲಿ ಲಂಡನ್ನಿನಲ್ಲಿ ಅಚ್ಚಾದಾಗ ಅದರ ಮೊದಲ ಪುಟಗಳಲ್ಲಿ ಬಾಸ್ಟನ್ನಿನ ಹದಿನೆಂಟು ಗಣ್ಯರ ಸಹಿಯುಳ್ಳ ಒಂದು ಹೇಳಿಕೆ ಇತ್ತು. ಈ ಕವಿತೆಗಳನ್ನು ಈ ಹುಡುಗಿಯೇ ಬರೆದಿದ್ದಾಳೆ ಎಂಬ ದೃಢೀಕರಣ ಅದು. ಗವರ್ನರ್ ಒಬ್ಬ, ಪಾದ್ರಿಗಳು, ವ್ಯಾಪಾರಿಗಳು ಸಹಿ ಹಾಕಿದರೆ ಮಾತ್ರ ಅವಳ ಪದ್ಯ ಅವಳದಾಗುತ್ತಿತ್ತು. ಇಷ್ಟಾದ ಮೇಲೂ ಜೆಫರ್ಸನ್ ಅವಳನ್ನು ಕವಿ ಎಂದು ಒಪ್ಪಲಿಲ್ಲ. ಎರಡನೆಯ ಸಂಕಲನಕ್ಕೆ ಚಂದಾದಾರರು ಸಿಗದೆ ಅದು ಅಚ್ಚಾಗಲೇ ಇಲ್ಲ. 1784ರಲ್ಲಿ ಬಡತನದಲ್ಲಿ ತೀರಿಕೊಂಡಳು.

ನೀವೂ ಬರೆಯಬಲ್ಲಿರಾ, ತೋರಿಸಿ ಎಂಬ ಆ ಪ್ರಶ್ನೆ ಈ ನಮ್ಮ ಜಿಲ್ಲೆಯ ಬಾಗಿಲಿಗೂ ಬಂದಿತ್ತು.

ಗದ್ವಾಲ ಸಂಸ್ಥಾನಕ್ಕೆ ವಿದ್ವತ್ ಗದ್ವಾಲ ಎಂಬ ಹೆಸರಿತ್ತು. ಕಾರ್ತೀಕ, ಮಾಘ ಮಾಸಗಳಲ್ಲಿ ದೂರದೂರದ ಪಂಡಿತರು, ಕವಿಗಳು ಇಲ್ಲಿಗೆ ಬಂದು ಸನ್ಮಾನ ಪಡೆದು ಹೋಗುತ್ತಿದ್ದರು. ಆ ಪಾಂಡಿತ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆಸ್ಥಾನದ ಕವಿತೆ ದೊರೆಯ ಕಡೆ ಮುಖ ಮಾಡಿ ಕೂತದ್ದು. ಬೆನ್ನ ಹಿಂದಿದ್ದ ಜನರ ಕಡೆಗೆ ತಿರುಗಿ ಬರೆದವರು ಇದೇ ಸೀಮೆಯ ಇಟಿಕ್ಯಾಲಪಾಡಿನ ಸುರವರಂ ಪ್ರತಾಪರೆಡ್ಡಿಯವರು. 1896ರಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಕಾನೂನು ಓದಿ, 1926ರ ಮೇ 10ರಂದು ಹೈದರಾಬಾದಿನಲ್ಲಿ ‘ಗೋಲ್ಕೊಂಡ ಪತ್ರಿಕೆ’ ಶುರು ಮಾಡಿದರು.

ಆ ದಿನಗಳಲ್ಲಿ ತೆಲುಗು ಪತ್ರಿಕೆ ತೆಗೆಯುವುದೇ ಒಂದು ರಾಜಕೀಯ ಎಂಬುದನ್ನು ತಿಳಿಯಬೇಕಾದರೆ ಐದು ವರ್ಷ ಹಿಂದಕ್ಕೆ ಹೋಗಬೇಕು. 1921ರ ನವೆಂಬರಿನಲ್ಲಿ ಹೈದರಾಬಾದಿನ ವಿವೇಕವರ್ಧಿನಿಯಲ್ಲಿ ಸಮಾಜ ಸುಧಾರಣೆಯ ಸಭೆ ನಡೆಯಿತು. ಅಧ್ಯಕ್ಷರು ಮಹರ್ಷಿ ಕರ್ವೆ. ಉರ್ದು, ಮರಾಠಿ, ಇಂಗ್ಲಿಷ್ ಭಾಷಣಗಳನ್ನು ಸಭೆ ಶಾಂತವಾಗಿ ಕೇಳಿತು. ವಕೀಲ ಅಲ್ಲಂಪಲ್ಲಿ ವೆಂಕಟರಾಮರಾಯರು ಎದ್ದು ತೆಲುಗಿನಲ್ಲಿ ಮಾತು ತೆಗೆದ ಕೂಡಲೇ ಜನ ಕೂಗಿ, ನಕ್ಕು, ಚಪ್ಪಾಳೆ ತಟ್ಟಿ ಕೂರಿಸಿದರು. ಸಂಸ್ಥಾನದ ಅರ್ಧದಷ್ಟು ಜನ ಆಡುವ ಭಾಷೆಗೆ ಸುಧಾರಕರ ಸಭೆಯಲ್ಲೇ ಆದ ಮರ್ಯಾದೆ ಇದು. ಅದೇ ರಾತ್ರಿ ಕೆಲವರು ಒಂದು ಕಡೆ ಸೇರಿ ಆಂಧ್ರ ಜನಸಂಘಕ್ಕೆ ನಾಂದಿ ಹಾಡಿದರು. ಕನ್ನಡಿಗರು ಆ ಸಂಸ್ಥಾನದಲ್ಲಿ ನೂರಕ್ಕೆ ಹನ್ನೆರಡು ಹದಿಮೂರು ಮಂದಿ ಅಷ್ಟೇ. ನಮ್ಮ ದನಿ ಇನ್ನೂ ಸಣ್ಣದಿತ್ತು. 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನಗಳನ್ನು ಬರೀ ಸಾಹಿತ್ಯದ ಹಬ್ಬ ಎಂದು ಎಣಿಸಿದರೆ ಅವುಗಳ ತೂಕ ತಿಳಿಯುವುದಿಲ್ಲ. ಕಚೇರಿಯೂ ಕೋರ್ಟೂ ವಿಶ್ವವಿದ್ಯಾಲಯವೂ ಉರ್ದುವಿನಲ್ಲಿದ್ದ ನಾಡಿನಲ್ಲಿ ಸಾವಿರಾರು ಜನ ಬಹಿರಂಗವಾಗಿ ಕನ್ನಡ ಕೇಳಿದರು.

ಗೋಲ್ಕೊಂಡ ಪತ್ರಿಕೆಗೆ ಮರಳುತ್ತೇನೆ. ನಿಜಾಮರ ತೆಲಂಗಾಣದಲ್ಲಿ ಕವಿಗಳೇ ಇಲ್ಲ ಎಂದು ಒಬ್ಬ ಪಂಡಿತರು ಬರೆದರು. ಪ್ರತಾಪರೆಡ್ಡಿಯವರು ವಾದಕ್ಕೆ ಇಳಿಯಲಿಲ್ಲ. ಊರೂರಿನ ಕವಿಗಳೇ, ನಿಮ್ಮ ಪದ್ಯ, ನಿಮ್ಮ ವಿವರ ಬರೆದು ಕಳಿಸಿ ಎಂದು ಕೇಳಿದರು. ಅಂಚೆಯಲ್ಲಿ ಬಂದದ್ದನ್ನೆಲ್ಲ ಸೇರಿಸಿ 1934ರಲ್ಲಿ ‘ಗೋಲ್ಕೊಂಡ ಕವುಲ ಸಂಚಿಕ’ ಎಂಬ ಗ್ರಂಥ ತಂದರು. ಅದರಲ್ಲಿ 354 ಕವಿಗಳು. ಈ ಗ್ರಂಥವನ್ನು ನಾನು ವೀಟ್ಲಿಯ ಸಂಕಲನದ ಪಕ್ಕದಲ್ಲಿಟ್ಟು ನೋಡುತ್ತೇನೆ. ಅಲ್ಲಿ ಒಬ್ಬಳು ಕವಿಗೆ ಹದಿನೆಂಟು ದೊಡ್ಡವರ ಜಾಮೀನು ಬೇಕಾಯಿತು. ಇಲ್ಲಿ ಯಾರ ಜಾಮೀನೂ ಇಲ್ಲದೆ 354 ಜನ ತಾವೇ ಬಂದು ಸಾಲಾಗಿ ನಿಂತರು. ಕಾವ್ಯಗುಣದ ಮಾತು ಬೇರೆ. ಎಲ್ಲ ಪದ್ಯಗಳೂ ಮೇಲ್ಮಟ್ಟದವು ಎಂದು ನಾನು ವಾದಿಸಲಾರೆ. ನಾವಿದ್ದೇವೆ ಎಂಬುದಕ್ಕೆ ಪುರಾವೆ ಕೇಳಿದವರ ಎದುರು ಅಷ್ಟು ಜನ ಒಟ್ಟಿಗೆ ಹೆಸರು ಬರೆಸಿಕೊಂಡದ್ದು ಈ ಸೀಮೆಯ ರಾಜಕೀಯ ಸಾಹಿತ್ಯದ ದೊಡ್ಡ ಘಟನೆ.

ಫಿಲಡೆಲ್ಫಿಯಾದಿಂದ ಗದ್ವಾಲಕ್ಕೆ ನೇರ ದಾರಿ ಇತ್ತು ಎಂದು ನಾನು ಹೇಳುತ್ತಿಲ್ಲ. ಹೋಲಿಕೆ ಇರುವುದು ಕೆಲಸದಲ್ಲಿ. ಆದರೆ ಭಾರತಕ್ಕೆ ದಾರಿ ಇದ್ದದ್ದಂತೂ ನಿಜ. 1830ರ ಸುಮಾರಿಗೆ ಅಮೆರಿಕದಿಂದ ಕಲ್ಕತ್ತೆಯ ಬಂದರಿಗೆ ಪೇನ್‌ನ ಪುಸ್ತಕಗಳು ಬಂದಾಗ ಹಿಂದೂ ಕಾಲೇಜಿನ ಹುಡುಗರು ಮುಗಿಬಿದ್ದು ಕೊಂಡರು, ರೂಪಾಯಿಗೆ ಸಿಗುತ್ತಿದ್ದ ಪುಸ್ತಕದ ಬೆಲೆ ಏರುತ್ತ ಹೋಯಿತು. ಪುಣೆಯಲ್ಲಿ ತರುಣ ಜೋತಿರಾವ್ ಫುಲೆ ‘ರೈಟ್ಸ್ ಆಫ್ ಮ್ಯಾನ್’ ಓದಿದರು. 1873ರಲ್ಲಿ ಅವರು ಬರೆದ ‘ಗುಲಾಮಗಿರಿ’ಯನ್ನು, ಗುಲಾಮಗಿರಿಯನ್ನು ತೊಡೆದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಆ ಅರ್ಪಣೆಯಲ್ಲಿ ಒಂದು ಆಸೆಯೂ ಇದೆ: ನನ್ನ ದೇಶದವರೂ ಇವರನ್ನು ನೋಡಿ ಶೂದ್ರ ಸೋದರರನ್ನು ಬ್ರಾಹ್ಮಣಶಾಹಿಯ ಬಂಧನದಿಂದ ಬಿಡಿಸಲಿ ಎಂದು. ಬನೇಕರ್ ಜೆಫರ್ಸನ್‌ಗೆ ಕೇಳಿದ್ದನ್ನು ಫುಲೆ ತಮ್ಮ ಊರಿನವರಿಗೆ ಕೇಳಿದರು. ಅಮೆರಿಕದಲ್ಲೂ ಈ ಸಾಲು ನಿಂತಿರಲಿಲ್ಲ. ಬಾಸ್ಟನ್ನಿನಲ್ಲಿ ಹಳೆಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಡೇವಿಡ್ ವಾಕರ್ 1829ರಲ್ಲಿ ತನ್ನ ‘ಅಪೀಲ್’ ಅಚ್ಚು ಹಾಕಿಸಿ, ದಕ್ಷಿಣಕ್ಕೆ ಹೋಗುವ ನಾವಿಕರ ಕೋಟುಗಳ ಒಳ ಅಸ್ತರಿನಲ್ಲಿ ಹೊಲಿದು ಕಳಿಸಿದ ಎಂದು ಹೇಳುತ್ತಾರೆ. ಗುಲಾಮಗಿರಿ ಇದ್ದ ಕೆಲವು ರಾಜ್ಯಗಳು ಅಂಥ ಪುಸ್ತಕ ಹಂಚುವುದನ್ನೇ ಅಪರಾಧ ಮಾಡಿದವು. ಅವನೂ ಘೋಷಣೆಯ ಮಾತುಗಳನ್ನೇ ಓದುಗರ ಮುಂದೆ ಹಿಡಿದಿದ್ದ.

1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿದ ಅಂಬೇಡ್ಕರ್ ಅವರ ‘ಜಾತಿ ವಿನಾಶ’ವೂ ಇದೇ ಕುಲದ ಪುಸ್ತಿಕೆ. ಇವತ್ತಿನಂಥ ಉಪನ್ಯಾಸದ ಸಂದರ್ಭದಲ್ಲಿ ಅದನ್ನು ನೆನೆಯಲೇಬೇಕು. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆಯಿತು, ಬರಹ ಓದಿ ಹೆದರಿತು, ಬದಲಾಯಿಸಿ ಎಂದಿತು. ಅವರು ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂದರು. ಸಮ್ಮೇಳನವೇ ರದ್ದಾಯಿತು. ಆಡಲಾಗದ ಭಾಷಣವನ್ನು ಅವರು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಸಭೆಯ ಬಾಗಿಲು ಮುಚ್ಚಿದರೂ ಅಚ್ಚಿನ ಮೊಳೆಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಅಪ್ಪಣೆ ಇಲ್ಲದೆ ಬರೆದವರಿಗೆ ನಮ್ಮ ಸಂಸ್ಥಾನ ಕೊಟ್ಟ ಶಿಕ್ಷೆಯನ್ನೂ ಹೇಳಬೇಕು. ಮಂದುಮುಲ ನರಸಿಂಗರಾಯರ ‘ರಯ್ಯತ್’ ಉರ್ದು ಪತ್ರಿಕೆ ನಿಂತುಹೋದ ಮೇಲೆ ಅಲ್ಲಿ ಕೆಲಸ ಮಾಡುತ್ತಿದ್ದ ತರುಣ ಶೋಯೆಬುಲ್ಲಾ ಖಾನ್ 1947ರ ನವೆಂಬರಿನಲ್ಲಿ ‘ಇಮ್ರೋಜ್’ ಶುರು ಮಾಡಿದರು. ಸಂಸ್ಥಾನ ಭಾರತಕ್ಕೆ ಸೇರಬೇಕು, ನಿಜಾಮರ ಪರ ನಿಂತ ರಜಾಕಾರರ ಪಡೆಯ ಹಿಂಸೆ ನಿಲ್ಲಬೇಕು ಎಂದು ಉರ್ದುವಿನಲ್ಲಿ, ಆಳುವವರ ಭಾಷೆಯಲ್ಲೇ ಬರೆದರು. 1948ರ ಆಗಸ್ಟಿನ ಒಂದು ರಾತ್ರಿ ಕಚೇರಿಯಿಂದ ಮನೆಗೆ ಹೋಗುತ್ತಿದ್ದಾಗ ಕಾಚಿಗುಡದಲ್ಲಿ ರಜಾಕಾರರು ಅವರ ಮೇಲೆ ಬಿದ್ದರು. ಬರೆಯುವ ಕೈಯನ್ನು ಕಡಿದರು, ಅವರನ್ನು ಕೊಂದರು. ಅವರಿಗೆ ಆಗ ಮೂವತ್ತು ವರ್ಷವೂ ಆಗಿರಲಿಲ್ಲ. ಒಂದು ತಿಂಗಳೊಳಗೆ, ಸೆಪ್ಟೆಂಬರ್ 17ಕ್ಕೆ, ಅವರು ಬರೆದಂತೆಯೇ ಸಂಸ್ಥಾನ ಭಾರತಕ್ಕೆ ಸೇರಿತು. ಆ ಹೋರಾಟವನ್ನು ಧರ್ಮಗಳ ಜಗಳ ಎಂದು ಚಿತ್ರಿಸುವವರು ಇಮ್ರೋಜ್‌ನ ಸಂಪಾದಕರ ಹೆಸರನ್ನು ಬಿಟ್ಟುಬಿಡುತ್ತಾರೆ. ನಮ್ಮ ಶಾಲೆಗಳಲ್ಲಿ ಆ ಹೆಸರು ಕೇಳಿಸಬೇಕು.

ಪ್ರತಾಪರೆಡ್ಡಿಯವರು ಸ್ವತಂತ್ರ ಭಾರತವನ್ನು ಕಂಡರು, 1952ರಲ್ಲಿ ವನಪರ್ತಿಯಿಂದ ಹೈದರಾಬಾದ್ ವಿಧಾನಸಭೆಗೆ ಆರಿಸಿ ಹೋದರು, ಮರುವರ್ಷ ತೀರಿಕೊಂಡರು. ಅವರ ‘ಆಂಧ್ರುಲ ಸಾಂಘಿಕ ಚರಿತ್ರ’ಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ತೆಲುಗಿನ ಮೊದಲ ಪ್ರಶಸ್ತಿ ಬಂತು. ಅದು ರಾಜರ ಚರಿತ್ರೆಯಲ್ಲ. ಜನ ಏನು ಉಂಡರು, ಏನು ಉಟ್ಟರು, ಯಾವ ಆಟ ಆಡಿದರು ಎಂಬುದರ ಚರಿತ್ರೆ.

ಇನ್ನು ನಮ್ಮ ಸಂವಿಧಾನದ ಮಾತು. ಅದನ್ನೂ ನಾನು ಇದೇ ಸಾಲಿನ ಸಾಹಿತ್ಯ ಎಂದು ಓದುತ್ತೇನೆ. ನಂಬುವ ಓದುಗ ಸಿಕ್ಕಾಗ ಮಾತ್ರ ಅದು ಕೆಲಸ ಮಾಡುತ್ತದೆ. 1956ರಲ್ಲಿ ಗಡಿ ಎಳೆದಾಗ ಎಲ್ಲ ಕಡೆಯೂ ಕೆಲವರು ತಮ್ಮ ಭಾಷೆಯ ರಾಜ್ಯದ ಹೊರಗೆ ಉಳಿದರು. ಕೃಷ್ಣಾ ಮಂಡಲದ, ಮಕ್ತಲ್ ಕಡೆಯ ಕನ್ನಡದ ಮನೆಗಳು ಇಲ್ಲಿ ಉಳಿದವು, ತೆಲುಗಿನ ಮನೆಗಳು ರಾಯಚೂರಿನಲ್ಲಿ ಉಳಿದವು. ಅದೇ ವರ್ಷ ಏಳನೆಯ ತಿದ್ದುಪಡಿಯಲ್ಲಿ 350ಎ ಎಂಬ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಮಾಡಿಕೊಡುವ ಪ್ರಯತ್ನ ಪ್ರತಿಯೊಂದು ರಾಜ್ಯದ ಹೊಣೆ ಎನ್ನುತ್ತದೆ ಅದು. ಕೃಷ್ಣಾ ಮಂಡಲದಲ್ಲಿ ಇವತ್ತಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಪಠ್ಯಪುಸ್ತಕ ಹೊತ್ತಿಗೆ ಸರಿಯಾಗಿ ಬರುವುದು, ಕನ್ನಡ ಬಲ್ಲ ಮೇಷ್ಟ್ರು ಇರುವುದು, ಮುಂದಿನ ಓದಿಗೆ ದಾರಿ ಇರುವುದು, ಇವು ಆ ಒಂದು ವಾಕ್ಯದ ಒಳಗಿನ ವಿಷಯಗಳೇ.

ಅದಕ್ಕಿಂತ ಮೊದಲಿನ 350ನೆಯ ವಿಧಿಯನ್ನು ಹೆಚ್ಚು ಜನ ಓದಿದಂತಿಲ್ಲ, ಅದು ಚಿಕ್ಕದು. ಯಾವುದೇ ಅಹವಾಲಿನ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡುವ ಹಕ್ಕು ಪ್ರತಿಯೊಬ್ಬ ವ್ಯಕ್ತಿಗೂ ಇದೆ. ಅಂದರೆ ಈ ಸಭೆಯಲ್ಲಿ ಕೂತಿರುವ ಒಬ್ಬ ತಾಯಿ ತನ್ನ ಮಗಳ ಶಾಲೆಗೆ ಕನ್ನಡದ ಮೇಷ್ಟ್ರು ಬೇಕೆಂದು ಜಿಲ್ಲಾ ಕಲೆಕ್ಟರಿಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು. ಬೇರೆಯವರ ಕೈಯಲ್ಲಿ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಬರೆಸಬೇಕೆಂದಿಲ್ಲ. ಕನ್ನಡದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ವಾಪಸು ಕೊಡುವಂತಿಲ್ಲ. ಅರ್ಜಿಯ ತಲೆಯ ಮೇಲೆ ಸಂವಿಧಾನದ ವಿಧಿ 350 ಮತ್ತು 350ಎ ಎಂದು ಬರೆಯಿರಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಮನೆಯಲ್ಲಿಡಿ. ಉತ್ತರ ಬರದಿದ್ದರೆ, 1956ರಲ್ಲೇ ಸಂವಿಧಾನಕ್ಕೆ ಸೇರಿದ 350ಬಿ ವಿಧಿಯಂತೆ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಗೆ ಇನ್ನೊಂದು ಅರ್ಜಿ ಬರೆಯಿರಿ. ಅದೂ ಕನ್ನಡದಲ್ಲೇ ಇರಲಿ.